ನೋಡಿಕೊಳ್ಳುವವರು: ಮಗಳು

ನನ್ನ ಬಳಿ ಸಲಹೆಗೆ ಬಂದ ಒಂದು ಕುಟುಂಬದ ಪ್ರಕರಣ ಇದು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ. ತಾಯಿಯನ್ನು ನೋಡಿಕೊಳ್ಳುವ ಮಗಳನ್ನು, ಅವರ ತಮ್ಮ ಕರೆಯುವ ಹಾಗೆ, ನಾನೂ ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ.

ಮೊದಲ ದಿನ ಅಕ್ಕ ಕೇಳಿದ್ದು ಒಂದೇ ಮಾತು. "ಮೇಡಂ, ನನ್ನ ಸಿಟ್ಟು ಕಡಿಮೆ ಆಗೋಕೆ ಏನಾದ್ರೂ ಹೇಳಿಕೊಡಿ." ಅವರ ವಯಸ್ಸು 56. ತಾಯಿಗೆ 81. ತಾಯಿಗೆ ಡಿಮೆನ್ಷಿಯ (ನೆನಪು, ಯೋಚನೆಯ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇದೆ ಎಂದು ಗೊತ್ತಾಗಿ ಮೂರು ವರ್ಷವಾಗಿತ್ತು. ಮೊದಲು ಅಕ್ಕ ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ತಮ್ಮ ದೂರದ ಊರಿನಲ್ಲಿ ಇದ್ದಾರೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ರಾತ್ರಿ ತಾಯಿ ಮೂರು ನಾಲ್ಕು ಸಲ ಏಳುತ್ತಾರೆ, "ಮನೆಗೆ ಹೋಗ್ಬೇಕು" ಎಂದು ಬಾಗಿಲು ಎಳೆಯುತ್ತಾರೆ. ನಲವತ್ತು ವರ್ಷದಿಂದ ಅವರು ಇರುವುದು ಅದೇ ಮನೆಯಲ್ಲಿ.

ಸರ್ಕಾರದ ಕಡೆಯಿಂದ ಏನಾದರೂ ನೆರವು ಕೇಳಿದ್ದೀರಾ ಎಂದೆ. ಅಕ್ಕ ಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಪತ್ರ ತೆಗೆದರು. ಮನೆಗೇ ಬಂದು ಕೆಲಸ ಮಾಡಿಕೊಡುವ ಸಹಾಯಕಿ ಬೇಕೆಂದು ಅರ್ಜಿ ಹಾಕಿದ್ದರು. ಅಧಿಕಾರಿ ಬಂದು ನೋಡಿ ಹೋಗಿದ್ದರು. ಸದ್ಯಕ್ಕೆ ಅಗತ್ಯ ಕಾಣುವುದಿಲ್ಲ ಎಂಬ ಉತ್ತರ. ಅದರ ಜೊತೆ ಅರ್ಜಿಯ ನಕಲೂ ಇತ್ತು. 'ಅರ್ಜಿದಾರರನ್ನು ನೋಡಿಕೊಳ್ಳುವವರು ಯಾರು?' ಎಂಬ ಜಾಗದಲ್ಲಿ ಅಕ್ಕನೇ ತಮ್ಮ ಕೈಯಿಂದ ಬರೆದಿದ್ದರು: ಮಗಳು.

ಸಿಟ್ಟಿನ ಮಾತನ್ನು ಅವತ್ತು ಅಲ್ಲಿಗೇ ನಿಲ್ಲಿಸಿ, ಅಧಿಕಾರಿ ಬಂದ ದಿನ ಏನೇನಾಯಿತು ಎಂದು ಕೂತು ಕೇಳಿದೆ. ನನ್ನ ಮಟ್ಟಿಗೆ ಈ ಪ್ರಕರಣ ತೆರೆದುಕೊಂಡಿದ್ದು ಅಲ್ಲಿ.

ಯಾರೋ ಬರುತ್ತಾರೆಂದು ಅಕ್ಕ ಹಿಂದಿನ ದಿನವೇ ಮನೆಯನ್ನೆಲ್ಲ ಗುಡಿಸಿ ಒರೆಸಿದ್ದರು. ಹಾಸಿಗೆಯ ಮೇಲಿನ ರಬ್ಬರ್ ಶೀಟ್ ತೆಗೆದು ಒಳಗಿಟ್ಟಿದ್ದರು. ಬೆಳಿಗ್ಗೆ ತಾಯಿಗೆ ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಉಡಿಸಿ, ತಲೆ ಬಾಚಿ ಕೂರಿಸಿದ್ದರು. ತಾಯಿಯೂ ಬಂದವರನ್ನು ನಗುನಗುತ್ತಾ ಮಾತಾಡಿಸಿದರು. "ನನಗೇನಪ್ಪಾ, ಎಲ್ಲ ನಾನೇ ಮಾಡ್ಕೋತೀನಿ" ಅಂದರು. ಎದ್ದು ನಡೆದು ತೋರಿಸಿದರು. ಅಪರಿಚಿತರ ಮುಂದೆ ಸ್ವಲ್ಪ ಹೊತ್ತು ಹೀಗೆ ಚುರುಕಾಗುವುದು ಡಿಮೆನ್ಷಿಯ ಇರುವವರಲ್ಲಿ ಎಷ್ಟೋ ಜನರಿಗೆ ಸಾಧ್ಯ. ಅದು ನಾಟಕ ಅಲ್ಲ. ಹಳೆಯ ಸೌಜನ್ಯ ಅಂಥವರಲ್ಲಿ ಬಹಳ ಕಾಲ ಉಳಿದಿರುತ್ತದೆ, ಅದಕ್ಕೆ ಅವರು ತಮ್ಮಲ್ಲಿರುವ ಶಕ್ತಿಯನ್ನೆಲ್ಲ ಹಾಕುತ್ತಾರೆ. ಬಂದವರು ಹೋದ ಮೇಲೆ ಸುಸ್ತಾಗಿ ಇನ್ನಷ್ಟು ಗೊಂದಲಕ್ಕೆ ಬೀಳುವುದನ್ನು ಮನೆಯವರು ಮಾತ್ರ ನೋಡುತ್ತಾರೆ.

ಕೊನೆಗೆ ಅಧಿಕಾರಿ ಅಕ್ಕನನ್ನು ಕೇಳಿದ್ದು, "ಹೇಗೆ ನಡೀತಿದೆ?" ತಾಯಿ ಪಕ್ಕದಲ್ಲೇ ಕೂತಿದ್ದರು. ಅಕ್ಕ ಹೇಳಿದ್ದು, "ಪರವಾಗಿಲ್ಲ, ನಡೀತಾ ಇದೆ." ಹೆತ್ತವಳ ಎದುರಿಗೇ, ಇವರು ಹಾಸಿಗೆಯಲ್ಲಿ ಒದ್ದೆ ಮಾಡಿಕೊಳ್ಳುತ್ತಾರೆ ಎಂದು ಹೇಗೆ ಹೇಳುವುದು? ಆ ಸಂಕೋಚವನ್ನು ನಾನು ತಪ್ಪು ಅನ್ನಲಾರೆ. ತಪ್ಪಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದ ಕ್ರಮದಲ್ಲಿದೆ.

ಇಂಥ ಭೇಟಿಯಲ್ಲಿ ಏನನ್ನು ಅಳೆಯುತ್ತಾರೆ ಎಂದು ಅಕ್ಕನಿಗೆ ಬಿಡಿಸಿ ಹೇಳಿದೆ. ಜಗತ್ತಿನ ಎಷ್ಟೋ ಕಡೆ ಅಳತೆಯ ಬುನಾದಿ ಇವತ್ತಿಗೂ 1963ರಲ್ಲಿ ಅಮೆರಿಕದ ವೈದ್ಯ ಕಾಟ್ಜ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಆರು ಕೆಲಸಗಳು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಸಂಶೋಧಕರಾದ ಲಾಟನ್ ಮತ್ತು ಬ್ರೋಡಿ ಇನ್ನೂ ಎಂಟನ್ನು ಗುರುತಿಸಿದರು. ಅವುಗಳಲ್ಲಿ ಫೋನ್ ಬಳಸುವುದು, ಅಡುಗೆ, ಔಷಧಿ ತೆಗೆದುಕೊಳ್ಳುವುದು, ಹಣದ ಲೆಕ್ಕ ಎಲ್ಲ ಸೇರುತ್ತವೆ. ಡಿಮೆನ್ಷಿಯದಲ್ಲಿ ಸಾಮಾನ್ಯವಾಗಿ ಈ ಎರಡನೆಯ ಗುಂಪು ಮೊದಲು ಕೈಬಿಡುತ್ತದೆ. ಮೊದಲ ಆರನ್ನು ಮಾಡಲು ದೇಹಕ್ಕೆ ಶಕ್ತಿ ಎಷ್ಟೋ ಕಾಲ ಉಳಿದಿರುತ್ತದೆ. 'ಸ್ನಾನ ಮಾಡಬಲ್ಲರೇ?' ಎಂದರೆ, ಬಲ್ಲರು. ನೀರು ಹಿಡಿದುಕೊಟ್ಟು, ಸೋಪು ಕೈಗಿಟ್ಟು, ಈಗ ಕೈ, ಈಗ ಬೆನ್ನು ಎಂದು ಹೇಳುತ್ತಾ ಮುಕ್ಕಾಲು ಗಂಟೆ ನಿಂತರೆ ಬಲ್ಲರು. ಅರ್ಜಿಯಲ್ಲಿ ಹೌದು ಎಂಬ ಗುರುತು ಬಿದ್ದರೆ ಆ ಮುಕ್ಕಾಲು ಗಂಟೆ ಲೆಕ್ಕಕ್ಕೇ ಬರುವುದಿಲ್ಲ. "ಬಲ್ಲರು, ಆದರೆ ಯಾರಾದರೂ ಪ್ರತಿ ಹೆಜ್ಜೆಗೂ ಹೇಳಿಕೊಡಬೇಕು" ಎಂದು ಬಾಯಿಬಿಟ್ಟು ಹೇಳಬೇಕು, ಬರೆಸಬೇಕು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗೆ ಹೇಳಿದ್ರೆ ಅಮ್ಮನ ಮೇಲೆ ದೂರು ಹೇಳಿದ ಹಾಗೆ ಆಗಲ್ವಾ?"

"ವೈದ್ಯರ ಹತ್ರ ಜ್ವರ ಎಷ್ಟಿದೆ ಅಂತ ಹೇಳೋದು ದೂರಾಗುತ್ತಾ?" ಎಂದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ, ಆದರೆ ಮನೆಗೆ ಕೊಟ್ಟ ಕೆಲಸ ಮಾಡಿಕೊಂಡು ಬಂದರು. ಮರು ಅರ್ಜಿಗೆಂದು ಏಳು ದಿನದ ದಿನಚರಿ. ಹಗಲು ಮಾತ್ರವಲ್ಲ, ಇಡೀ 24 ಗಂಟೆಯದು. ಏನು ಮಾಡಿದೆ, ಎಷ್ಟು ಹೊತ್ತು, ನಾನು ಇಲ್ಲದಿದ್ದರೆ ಏನಾಗುತ್ತಿತ್ತು, ಇಷ್ಟೇ. ವಿಶೇಷಣ ಬೇಡ ಅಂದಿದ್ದೆ. 'ತುಂಬಾ ಕಷ್ಟ' ಎಂದು ಬರೆದರೆ ಓದುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಕ್ಕ ಬರೆದ ಒಂದು ಸಾಲು ಹೀಗಿತ್ತು: 'ರಾತ್ರಿ 2:10. ಒಲೆ ಹಚ್ಚಿ ಮುಂದೆ ನಿಂತಿದ್ದರು. ಮೇಲೆ ಪಾತ್ರೆ ಇರಲಿಲ್ಲ. ಮತ್ತೆ ಮಲಗಿಸಲು 50 ನಿಮಿಷ.' ಇಡೀ ವಾರದಲ್ಲಿ ಅಕ್ಕ ಒಟ್ಟಿಗೆ ನಾಲ್ಕು ಗಂಟೆ ನಿದ್ದೆ ಮಾಡಿದ ರಾತ್ರಿ ಒಂದೇ.

ಎರಡನೆಯ ಭೇಟಿಯ ಕೊನೆಗೆ, ಎದ್ದು ಹೊರಟವರು ಮತ್ತೆ ಕೂತರು. ಹಿಂದಿನ ತಿಂಗಳು ತಾಯಿ ಔಷಧಿಯನ್ನು ಮೂರನೇ ಸಲ ಉಗುಳಿದಾಗ ಅವರ ಮಣಿಕಟ್ಟನ್ನು ಒತ್ತಿ ಹಿಡಿದಿದ್ದರಂತೆ. ಬೆರಳಿನ ಗುರುತು ನೀಲಿಗಟ್ಟಿತ್ತು. "ಆವತ್ತಿಂದ ನನ್ನ ಕೈ ನೋಡಿದ್ರೆ ನಂಗೇ ಭಯ ಮೇಡಂ."

ಯಾರಿಗಾದರೂ ಅಪಾಯ ಇದೆ ಎನಿಸಿದರೆ ಮಾತು ಈ ಕೋಣೆಯೊಳಗೇ ಉಳಿಯಲಾರದು ಎಂದು ಮೊದಲ ದಿನವೇ ಅವರಿಗೆ ಹೇಳಿದ್ದೆ. ಅದು ಗೊತ್ತಿದ್ದೂ ಅವರು ಹೇಳಿದರು. 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಮುದಾಯದಲ್ಲಿ ಬದುಕುವ 60 ದಾಟಿದವರಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಬ್ಬರು ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯ ಅನುಭವಿಸಿದ್ದರು. ಆ ಸಂಖ್ಯೆಯ ಹಿಂದೆ ಕ್ರೂರಿಗಳೂ ಇದ್ದಾರೆ, ನಿದ್ದೆಗೆಟ್ಟ ಮಕ್ಕಳೂ ಇದ್ದಾರೆ. ನೋವು ತಾಯಿಗೆ ಆಗಿದೆ, ಅದನ್ನು ಸಣ್ಣದು ಮಾಡಿ ಹೇಳಲು ನನ್ನಿಂದಾಗಲಿಲ್ಲ. ಅಕ್ಕನನ್ನು ಅಲ್ಲಿಗೆ ತಳ್ಳಿದ್ದು ಏನು ಎಂಬುದೂ ನನ್ನ ಮುಂದಿನ ದಿನಚರಿಯಲ್ಲೇ ಇತ್ತು. ನಾವಿಬ್ಬರೂ ಕೂತು ಒಂದು ಕಾಗದದಲ್ಲಿ ಬರೆದೆವು. ಉಗುಳಿದ ಔಷಧಿಯನ್ನು ಆ ಕ್ಷಣದಲ್ಲಿ ಮತ್ತೆ ಕೊಡುವುದಿಲ್ಲ. ಸಿಟ್ಟಿನಿಂದ ಮೈ ಬಿಸಿಯಾಗುತ್ತಿದೆ ಎನಿಸಿದ ಕೂಡಲೇ ತಾಯಿಯನ್ನು ಕೂರಿಸಿ, ಒಲೆ ಆರಿದೆಯೇ, ಬಾಗಿಲು ಭದ್ರವೇ ನೋಡಿ, ಪಕ್ಕದ ಕೋಣೆಗೆ ಹೋಗಿ ಹತ್ತು ನಿಮಿಷ. ಆ ಹೊತ್ತಿನಲ್ಲಿ ಫೋನ್ ಮಾಡಬಹುದಾದ ಇಬ್ಬರು, ಮತ್ತು ರಾತ್ರಿಯೂ ಎತ್ತುವ ಹಿರಿಯರ ಸಹಾಯವಾಣಿಯ ನಂಬರು. ಇನ್ನೊಮ್ಮೆ ಕೈ ಮಾಡುವ ಹಾಗಾದರೆ ಮರುದಿನವೇ ನನಗೆ ತಿಳಿಸಬೇಕು, ತಾಯಿಯನ್ನು ಕೆಲವು ದಿನ ಬೇರೆಡೆ ಇರಿಸುವ ಏರ್ಪಾಡು ತಕ್ಷಣ ಆಗಬೇಕು. ಈ ಸಂಗತಿಯನ್ನು ಮರುಪರಿಶೀಲನೆಗೆ ಬರುವ ಅಧಿಕಾರಿಗೆ ನೀವೇ ಹೇಳುವುದು ಒಳ್ಳೆಯದು ಎಂದೆ. ಅವರು ಬೆಚ್ಚಿದರು. ಅಮ್ಮನನ್ನು ಕರೆದೊಯ್ದುಬಿಟ್ಟರೆ ಎಂಬ ಭಯ. ಆಗಲಾರದು ಎಂದು ನಾನು ಭರವಸೆ ಕೊಡಲಿಲ್ಲ. ಬಚ್ಚಿಟ್ಟರೆ ಇಬ್ಬರಿಗೂ ನೆರವು ದೂರವಾಗುತ್ತದೆ ಎಂದು ಮಾತ್ರ ಹೇಳಿದೆ.

ಆರೈಕೆ ಮಾಡುವವರ ಭಾರವನ್ನು ಅಳೆಯಲು 22 ಪ್ರಶ್ನೆಗಳ ಜರಿಟ್ ಪ್ರಶ್ನಾವಳಿ ಇದೆ. ಒಟ್ಟು 88 ಅಂಕ. ಅಕ್ಕನದು 63. ಆ ಮಟ್ಟವನ್ನು ತೀವ್ರ ಎಂದೇ ಎಣಿಸುತ್ತಾರೆ. ಅದನ್ನು ನೋಡಿ ಅವರು ಅತ್ತರು. ತನಗೂ ಒಂದು ಅಳತೆ ಇದೆ ಎಂಬುದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆರೈಕೆದಾರರ ಅಗತ್ಯವನ್ನೇ ಬೇರೆಯಾಗಿ ಪರಿಶೀಲಿಸುವ ಏರ್ಪಾಡು ಕೆಲವು ದೇಶಗಳಲ್ಲಿ ಕಾನೂನಿನ ಹಕ್ಕು. ಹಕ್ಕಾಗಿರದ ಕಡೆಯೂ ಕೇಳುವುದಕ್ಕೆ ಅಡ್ಡಿಯಿಲ್ಲ. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ ಎಂದೆ.

ಮರು ಅರ್ಜಿಗೆ ಮುಂಚೆ ತಾಯಿಯನ್ನು ವೈದ್ಯರಿಗೆ ತೋರಿಸಲು ಹೇಳಿದೆ. ರಾತ್ರಿಯ ಗೊಂದಲವನ್ನೆಲ್ಲ ಡಿಮೆನ್ಷಿಯದ ತಲೆಗೆ ಕಟ್ಟಬಾರದು. ಮೂತ್ರದ ಸೋಂಕು, ಮಲಬದ್ಧತೆ, ನೋವು, ಕೇಳಿಸದ ಕಿವಿ, ಹೊಸದಾಗಿ ಶುರುವಾದ ಮಾತ್ರೆ, ಇವುಗಳಲ್ಲಿ ಯಾವುದಾದರೂ ಅದನ್ನು ಹೆಚ್ಚಿಸಬಲ್ಲದು. ಕೆಲವೇ ದಿನಗಳಲ್ಲಿ ದಿಢೀರನೆ ಗೊಂದಲ ಹೆಚ್ಚಿದರಂತೂ ತಡಮಾಡದೆ ತೋರಿಸಬೇಕು. ಇವರ ವಿಷಯದಲ್ಲಿ ಸಿಕ್ಕಿದ್ದು ಮಲಬದ್ಧತೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತಡವಾಗಿ ಕೊಡುತ್ತಿದ್ದರು. ವೈದ್ಯರು ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿದ ಮೇಲೆ ತಾಯಿ ರಾತ್ರಿ ಏಳುವುದು ಎರಡು ಸಲಕ್ಕೆ ಇಳಿಯಿತು.

ತಮ್ಮನನ್ನು ಕರೆಸಿ ಎಂದಾಗ ಅಕ್ಕ ಬೇಡವೇ ಬೇಡ ಅಂದರು. "ಅವನಿಗೆ ಅವನದೇ ಸಂಸಾರ, ಪಾಪ." ನಾನು ಪಟ್ಟು ಹಿಡಿದೆ, ಅದಕ್ಕೆ ಕಾರಣವಿದೆ. ನ್ಯೂಯಾರ್ಕ್‌ನಲ್ಲಿ ಆಲ್ಜೈಮರ್ (ಡಿಮೆನ್ಷಿಯದ ಬಹುಸಾಮಾನ್ಯ ಬಗೆ) ಕಾಯಿಲೆಯ ಗಂಡ ಅಥವಾ ಹೆಂಡತಿಯನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದ 406 ಜನರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಆರು ಆಪ್ತಸಲಹೆ ಭೇಟಿಗಳು, ಅದರ ಹಿಂದೆಯೇ ಬೆಂಬಲ ಗುಂಪು, ಬೇಕಾದಾಗ ಫೋನಿನಲ್ಲಿ ಸಲಹೆ. ಅವರ ಮನೆಗಳಲ್ಲಿ ರೋಗಿಯನ್ನು ಆರೈಕೆ ಮನೆಗೆ ಸೇರಿಸುವ ದಿನ, ಉಳಿದವರಿಗೆ ಹೋಲಿಸಿದರೆ, ಸುಮಾರು 557 ದಿನ ಮುಂದೆ ಹೋಯಿತು. ಆ ಆರರಲ್ಲಿ ನಾಲ್ಕು ಭೇಟಿಗಳು ಇಡೀ ಕುಟುಂಬದ ಜೊತೆ. ಒಬ್ಬರೇ ಬಂದು ಧೈರ್ಯ ತೆಗೆದುಕೊಂಡು ಹೋದರೆ ಸಾಲದು ಎಂದು ನಾನು ಗಟ್ಟಿಯಾಗಿ ನಂಬಿರುವುದು ಇದರಿಂದ.

ತಮ್ಮ ವಿಡಿಯೋ ಕರೆಯಲ್ಲಿ ಬಂದರು. ಮೊದಲ ಹತ್ತು ನಿಮಿಷ, "ಅಕ್ಕ ಯಾವತ್ತೂ ಏನೂ ಹೇಳಲೇ ಇಲ್ಲ" ಎಂದೇ ಹೇಳುತ್ತಿದ್ದರು. ಅಕ್ಕ ದಿನಚರಿಯ ಮೂರು ಪುಟ ಓದಿದರು, ಅಷ್ಟೇ. ದೂರದಲ್ಲಿ ಇರುವವರು ಸ್ನಾನ ಮಾಡಿಸಲಾರರು, ಆದರೆ ಕಾಗದದ ಕೆಲಸ ಎಲ್ಲಿಂದಲಾದರೂ ಆಗುತ್ತದೆ. ಅರ್ಜಿ, ನವೀಕರಣ, ಕಚೇರಿಗೆ ಫೋನ್ ಮಾಡಿ ಬೆನ್ನುಹತ್ತುವುದು, ಔಷಧಿ ಮುಗಿಯುವ ಮುನ್ನ ತರಿಸುವುದು ಎಲ್ಲವೂ ತಮ್ಮನ ಪಾಲಿಗೆ ಹೋಯಿತು. ಹಣಕಾಸಿನ ಅಧಿಕಾರಪತ್ರದ ಮಾತೂ ಅವತ್ತೇ ಬಂತು. ಕಾನೂನು ದೇಶಕ್ಕೊಂದು ಬಗೆ. ಸಹಿ ಹಾಕುವವರಿಗೆ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂಬುದು ಆ ಹೊತ್ತಿನಲ್ಲಿ ಅರ್ಥವಾಗುತ್ತಿರಬೇಕು. ಕೆಲವು ಬಗೆಯ ಪತ್ರಗಳು ಆ ತಿಳಿವಳಿಕೆ ಹೋದ ಮೇಲೆ ಬಿದ್ದೇಹೋಗುತ್ತವೆ. ಉಚಿತ ಕಾನೂನು ನೆರವಿನ ವಕೀಲರನ್ನು ತಡಮಾಡದೆ ಕಂಡು, ತಾಯಿಯ ಇಚ್ಛೆಯನ್ನು ತಾಯಿಯ ಬಾಯಿಂದಲೇ ಕೇಳಿಸಿ ಎಂದೆ. ಇದು ಮೂರು ವರ್ಷ ಮುಂಚೆಯೇ ಆಗಬೇಕಿತ್ತು. ಕಾಯಿಲೆ ಗೊತ್ತಾದ ದಿನ ಯಾರೂ ಅವರಿಗೆ ಹೇಳಿರಲಿಲ್ಲ ಎಂಬುದು ನನಗೆ ಈಗಲೂ ಬೇಸರದ ಸಂಗತಿ.

ಮರುಪರಿಶೀಲನೆಯ ದಿನ ಅಕ್ಕ ಮನೆ ಗುಡಿಸಲಿಲ್ಲ. ರಬ್ಬರ್ ಶೀಟ್ ಹಾಸಿಗೆಯ ಮೇಲೇ ಇತ್ತು. ತನ್ನ ಜೊತೆ ಪ್ರತ್ಯೇಕವಾಗಿ ಮಾತಾಡಬೇಕೆಂದು ಮುಂಚೆಯೇ ಬರೆದು ಕೇಳಿದ್ದರು. ತಾಯಿ ಎಂದಿನಂತೆ ನಗುತ್ತಾ ಮಾತಾಡಿದರು, ಅಧಿಕಾರಿ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಅಡುಗೆಮನೆಯಲ್ಲಿ ಅಕ್ಕ ದಿನಚರಿ ಕೊಟ್ಟರು, 63 ಎಂಬ ಅಂಕ ತೋರಿಸಿದರು, ಮಣಿಕಟ್ಟಿನ ಮಾತನ್ನೂ ಹೇಳಿದರು. ತಾಯಿಯನ್ನು ಯಾರೂ ಕರೆದೊಯ್ಯಲಿಲ್ಲ. ವಾರಕ್ಕೆ ಎರಡು ದಿನ ಹಗಲು ಆರೈಕೆ ಕೇಂದ್ರ, ಮೂರು ಬೆಳಿಗ್ಗೆ ಸ್ನಾನಕ್ಕೆ ಸಹಾಯಕಿ ಮಂಜೂರಾಯಿತು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಸುಲಭವಾಗಿ, ಸುರಕ್ಷಿತವಾಗಿ ಆಗಲು ನೆರವಾಗುವ ತಜ್ಞರು) ಬಂದು ಒಲೆಗೆ ತಾನಾಗಿ ಆರುವ ಸಾಧನ, ಬಾಗಿಲಿಗೆ ಗಂಟೆ, ಶೌಚಾಲಯದ ದಾರಿಗೆ ರಾತ್ರಿ ದೀಪ ಸೂಚಿಸಿದರು.

ಕೇಂದ್ರಕ್ಕೆ ಹೋದ ಮೊದಲ ದಿನ ತಾಯಿ ಅತ್ತರು, ಎರಡನೆಯ ದಿನ ವಾಹನ ಹತ್ತಲೇ ಇಲ್ಲ. ಅಕ್ಕ ಫೋನ್ ಮಾಡಿ, "ಬೇಡ ಮೇಡಂ, ಬಿಟ್ಟುಬಿಡ್ತೀನಿ" ಅಂದರು. ಇಷ್ಟಕ್ಕೇ ಅಳೆಯಬೇಡಿ, ಐದಾರು ವಾರ ನೋಡಿ, ಮೊದಮೊದಲು ನೀವೂ ಜೊತೆಗೆ ಹೋಗಿ ಒಂದು ಗಂಟೆ ಕೂತು ಬನ್ನಿ ಎಂದೆ. 'ಕೇಂದ್ರ' ಎಂಬ ಮಾತನ್ನು ಮನೆಯಲ್ಲಿ ಆಡಬೇಡಿ ಎಂದೂ ಹೇಳಿದೆ. ತಾಯಿ ಒಂದು ಕಾಲದಲ್ಲಿ ಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದವರು. ಅಲ್ಲಿನ ಸಿಬ್ಬಂದಿ ಅವರ ಕೈಗೆ ಗುಂಡಿಗಳ ಡಬ್ಬಿ ಕೊಟ್ಟು ಬಣ್ಣ ಬಣ್ಣ ಬೇರ್ಪಡಿಸಿಕೊಡಿ ಎಂದು ಕೇಳಿದರು. ನಾಲ್ಕನೆಯ ವಾರದಿಂದ ಅವರಾಗಿಯೇ ಹೊರಡುತ್ತಿದ್ದಾರೆ. ಎಲ್ಲಿಗೆ ಎಂದರೆ, ಕೆಲಸಕ್ಕೆ.

ಆ ಎರಡು ದಿನ ಅಕ್ಕ ಏನು ಮಾಡಬೇಕು ಎಂಬುದಕ್ಕೆ ನನ್ನ ಸಲಹೆ ಕಟ್ಟುನಿಟ್ಟಾಗಿತ್ತು: ಮೊದಲ ತಿಂಗಳು ಮನೆಗೆಲಸ ಮುಟ್ಟಬಾರದು, ಮಲಗಬೇಕು. ಆಮೇಲೆ ತಿಂಗಳಿಗೊಮ್ಮೆ ಆರೈಕೆದಾರರ ಗುಂಪಿಗೆ ಹೋಗಲು ಶುರುಮಾಡಿದರು. ಡಿಮೆನ್ಷಿಯ ಇರುವವರನ್ನು ನೋಡಿಕೊಳ್ಳುವವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಐಸಪೋರ್ಟ್' ಕೈಪಿಡಿ ಉಚಿತವಾಗಿ ಸಿಗುತ್ತದೆ. ಅದರ ಅಭ್ಯಾಸಗಳನ್ನು ತಮ್ಮನೂ ಅಕ್ಕನೂ ಫೋನಿನಲ್ಲಿ ಒಟ್ಟಿಗೆ ಓದಿದರು. ಜರಿಟ್ ಅಂಕ ಮೂರು ತಿಂಗಳ ನಂತರ 44.

ರಾತ್ರಿ ಇನ್ನೂ ಬಗೆಹರಿದಿಲ್ಲ. ತಿಂಗಳಿಗೆ ಕೆಲವು ರಾತ್ರಿ ತಾಯಿಯನ್ನು ಬೇರೆಡೆ ಇರಿಸಿಕೊಳ್ಳುವ ತಾತ್ಕಾಲಿಕ ಆರೈಕೆಗೆ ಅಕ್ಕನ ಹೆಸರು ಕಾಯುವವರ ಪಟ್ಟಿಯಲ್ಲಿದೆ. ತಮ್ಮ ಎರಡು ವಾರಕ್ಕೊಮ್ಮೆ ಆ ಕಚೇರಿಗೆ ಫೋನ್ ಮಾಡಿ, ಮಾತಾಡಿದವರ ಹೆಸರು, ದಿನಾಂಕ ಬರೆದಿಡುತ್ತಿದ್ದಾರೆ. ಸೇವೆಯ ಮುಂದಿನ ಪರಿಶೀಲನೆಗೆ ಅರ್ಜಿ ಮತ್ತೆ ತುಂಬಬೇಕು. ಹೋದ ವಾರ ಅಕ್ಕ ಅದನ್ನು ತಂದಿದ್ದರು. ನೋಡಿಕೊಳ್ಳುವವರು ಯಾರು ಎಂಬಲ್ಲಿ 'ಮಗಳು' ಎಂದು ಬರೆದು, ಮುಂದೆ ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿದ್ದರು.