ಸಂಪಾದಕರ ಉತ್ತರ: ಆ ಕೆಂಪು ಸುತ್ತು ಎಲ್ಲಿ ಹೋಯ್ತು?

ಕೊಡಗಿನ ಮಾದಾಪುರ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ:

"ಹೋದ ಸಂಚಿಕೆಯಲ್ಲಿ ನಮ್ಮ ತೋಟದ ಅರೇಬಿಕಾ ಕಾಫಿ ಗಿಡದ ಫೋಟೋ ಹಾಕಿದ್ದೀರಿ, ಸಂತೋಷ. ಆದರೆ ಕಾಂಡದ ಮೇಲಿನ ಉಬ್ಬಿಗೆ ನಾನು ಕೆಂಪು ಬಣ್ಣದಲ್ಲಿ ಸುತ್ತು ಹಾಕಿ ಕಳಿಸಿದ್ದೆ. ಪತ್ರಿಕೆಯಲ್ಲಿ ಸುತ್ತೇ ಇಲ್ಲ. ಕೆಳಗೆ ಮಾತ್ರ 'ಸುತ್ತಿನೊಳಗೆ ಗಮನಿಸಿ' ಅಂತ ಅಚ್ಚಾಗಿದೆ. ಸಂತೆಯಲ್ಲಿ ಸಿಕ್ಕವರೆಲ್ಲ 'ಎಲ್ಲಿ ಮಾರಾಯ್ರೇ ಸುತ್ತು?' ಅಂತ ಕೇಳುತ್ತಿದ್ದಾರೆ. ನೀವೇ ಅಳಿಸಿದಿರಾ? ಮಗಳು ಫೋಟೋಪಿಯ ಅಂತ ಒಂದು ಆನ್‌ಲೈನ್ ಟೂಲ್ ಬಳಸು ಅನ್ನುತ್ತಾಳೆ. ಸ್ನೇಹಿತರು ಕ್ಯಾನ್ವಾ ಅನ್ನುತ್ತಾರೆ. ಯಾವುದು ಸರಿ? ಇನ್ನೊಂದು. ನಮ್ಮ ಒಕ್ಕದ (ಮನೆತನದ) ಹಳೆಯ ಗ್ರೂಪ್ ಫೋಟೋ ಇದೆ, ಐನ್‌ಮನೆ (ಪೂರ್ವಿಕರ ಮನೆ) ಮುಂದೆ ತೆಗೆದದ್ದು. ಎಲ್ಲರ ಹೆಸರೂ ಅದರ ಮೇಲೆ ಬರೆಯಬೇಕು ಅಂತಿದ್ದೇನೆ. ಹೇಗೆ?"

ಅಳಿಸಿಲ್ಲ. ಆದರೆ ತಪ್ಪು ನಮ್ಮದೇ. ನಮ್ಮ ಪುಟ ಅಚ್ಚಾಗುವುದು ಕಪ್ಪುಬಿಳುಪಿನಲ್ಲಿ. ಅಚ್ಚಿಗೆ ಹೋಗುವ ಮೊದಲು ಪುಟವನ್ನು ಕಪ್ಪುಬಿಳುಪಿನಲ್ಲಿ ಒಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ನಾವು ಕಂಪ್ಯೂಟರಿನಲ್ಲಿ ಬಣ್ಣದ ಪುಟ ನೋಡಿ ತಲೆಯಾಡಿಸಿದೆವು. ನಿಮ್ಮ ಪತ್ರ ಬಂದ ಮೇಲೆ ಫೈಲ್ ತೆರೆದು ಕೂತೆ. ಸುತ್ತು ಇದೆ, ಇದ್ದಲ್ಲೇ ಇದೆ. ಕಾಣುವುದಿಲ್ಲ ಅಷ್ಟೇ.

ಯಾಕೆ ಅಂತ ಹೇಳುತ್ತೇನೆ, ಇದು ನನಗೂ ಹೊಸ ಪಾಠ. ಬಣ್ಣದ ಫೋಟೋವನ್ನು ಕಪ್ಪುಬಿಳುಪು ಮಾಡುವಾಗ ಕಂಪ್ಯೂಟರ್ ಪ್ರತಿ ಚುಕ್ಕೆಯ ಕೆಂಪಿನಿಂದ ನೂರಕ್ಕೆ ಸುಮಾರು 30 ಪಾಲು, ಹಸಿರಿನಿಂದ 59 ಪಾಲು, ನೀಲಿಯಿಂದ 11 ಪಾಲು ತೆಗೆದುಕೊಂಡು ಕೂಡಿಸುತ್ತದೆ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುವುದರಿಂದ ಈ ಲೆಕ್ಕ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಕಣ್ಣಿಗೆ ಹೊಡೆಯುವ ಅಚ್ಚ ಕೆಂಪು ಈ ಲೆಕ್ಕದಲ್ಲಿ ಬರೀ 76 ಆಗುತ್ತದೆ, ಅಂದರೆ ಗಾಢ ಬೂದು. ನಿಮ್ಮ ಗಿಡದ ತೊಗಟೆಯ ಮೇಲೆ ಬಣ್ಣ ಅಳೆಯುವ ಟೂಲ್ ಇಟ್ಟು ನೋಡಿದೆ. ಅದೂ 80ರ ಆಸುಪಾಸು. ಬೂದಿಯ ಮೇಲೆ ಬೂದಿಯಲ್ಲಿ ಗೆರೆ ಎಳೆದ ಹಾಗೆ. ಕಡು ಹಸಿರು ಕಾಫಿ ಎಲೆಯ ಮೇಲೆ ಕೆಂಪು ಹಾಕಿದರೂ ಹೆಚ್ಚುಕಡಿಮೆ ಇದೇ ಗತಿ. ಹಳದಿ ಹಾಕಿದ್ದರೆ 226 ಬರುತ್ತಿತ್ತು, ಬೆಳ್ಳಗೆ ಎದ್ದು ಕಾಣುತ್ತಿತ್ತು.

ಇನ್ನೊಂದು ಕಾರಣವೂ ಇದೆ. ನಿಮ್ಮ ಫೋನಿನ ಫೋಟೋ 4000 ಪಿಕ್ಸೆಲ್ (ಚುಕ್ಕೆ) ಅಗಲ. ನೀವು ಎಳೆದ ಗೆರೆ 5 ಪಿಕ್ಸೆಲ್ ದಪ್ಪ. ನಮ್ಮ ಪತ್ರಿಕೆಯ ಒಂದು ಕಾಲಂ 3 ಇಂಚು, ಅಚ್ಚಿಗೆ ಇಂಚಿಗೆ 300 ಚುಕ್ಕೆ, ಒಟ್ಟು 900. ನಿಮ್ಮ 4000ವನ್ನು 900ಕ್ಕೆ ಕುಗ್ಗಿಸಿದಾಗ ಆ ಗೆರೆ ಒಂದೇ ಒಂದು ಚುಕ್ಕೆಯಷ್ಟಾಯಿತು. ತಲೆಕೂದಲು! ಫೋನಿನಲ್ಲಿ ಹಿಗ್ಗಿಸಿಕೊಂಡು ಗೆರೆ ಎಳೆಯುವಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ಫೋಟೋದ ಅಗಲದ ನೂರರಲ್ಲಿ ಒಂದು ಪಾಲು ದಪ್ಪ ಇರಲಿ. ನಿಮ್ಮ ಫೋಟೋಗೆ 40 ಪಿಕ್ಸೆಲ್. ಬರೆಯುವಾಗ ಒರಟು ಅನಿಸುತ್ತದೆ, ಅಚ್ಚಿನಲ್ಲಿ ಸರಿಯಾಗಿ ಬರುತ್ತದೆ. ಹಳದಿ ಗೆರೆಯ ಎರಡೂ ಬದಿಗೆ ತೆಳ್ಳಗೆ ಕಪ್ಪು ಅಂಚು ಕೊಟ್ಟರೆ ಇನ್ನೂ ವಾಸಿ. ತೊಗಟೆ ಕಪ್ಪಿದ್ದರೂ ಕಾಣುತ್ತದೆ, ಹಿಂದೆ ಬಿಳಿ ಆಕಾಶ ಇದ್ದರೂ ಕಾಣುತ್ತದೆ.

ಸುತ್ತು ಕಾಣದೆ ಏನಾಯಿತು ನೋಡಿ. ಒಬ್ಬರು ಫೋನ್ ಮಾಡಿ, "ತೊಗಟೆ ಮೇಲೆ ಬೆಳ್ಳಗೆ ಇರೋದು ಕಲ್ಲುಹೂವು ಅಲ್ವಾ, ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು?" ಅಂದರು. ಅವರು ನೋಡಿದ್ದೇ ಬೇರೆ. ನೀವು ತೋರಿಸಿದ್ದು ಅದರ ನಾಲ್ಕು ಬೆರಳು ಕೆಳಗಿನ ಉಬ್ಬುಗೆರೆ. ಕಲ್ಲುಹೂವು ಮಳೆ ಬೀಳುವ ಯಾವ ತೋಟದಲ್ಲೂ ಇರುತ್ತದೆ. ಉಬ್ಬುಗೆರೆ ಅಂದರೆ ಒಳಗೆ ಬೋರರ್ ಹುಳು ಸುರಂಗ ಕೊರೆದಿರಬಹುದು, ಅಂದರೆ ಬಿಳಿ ಕಾಂಡಕೊರಕ. ಒಂದು ಗೆರೆ ಕಾಣದಿದ್ದುದಕ್ಕೆ ಮಾತೇ ಬೇರೆ ಕಡೆ ಹೋಯಿತು.

ಇನ್ನು ಯಾವ ಟೂಲ್ ಅನ್ನುವ ಪ್ರಶ್ನೆ. ಸುಮ್ನೆ ಒಂದು ಸುತ್ತು, ಒಂದು ಬಾಣ ಸಾಕು ಅನ್ನುವುದಾದರೆ ಫೋನಿನ ಗ್ಯಾಲರಿಯಲ್ಲೇ ಇರುವ ಪೆನ್ ಸಾಕು. ಕ್ಯಾನ್ವಾ ಆಮಂತ್ರಣ, ಪೋಸ್ಟರ್ ಮಾಡುವುದಕ್ಕೆ ಚೆನ್ನ. ಕೈಲ್‌ಪೊಳ್ದ್ ಹಬ್ಬದ ಶುಭಾಶಯದ ಚಿತ್ರಗಳನ್ನು ಅದರಲ್ಲೇ ಮಾಡಿ ಕಳಿಸುವವರು ಎಷ್ಟೋ ಮಂದಿ. ಅದಕ್ಕೆ ಲಾಗಿನ್ ಬೇಕು, ಚಿತ್ರ ಅವರ ಸರ್ವರಿಗೆ ಹೋಗುತ್ತದೆ. ಫೋಟೋ ಮೇಲೆ ಗುರುತು ಹಾಕುವ ಕೆಲಸಕ್ಕೆ ನನ್ನ ಓಟು ನಿಮ್ಮ ಮಗಳಿಗೆ. ಫೋಟೋಪಿಯವನ್ನು ಇವಾನ್ ಕುಟ್ಸ್ಕಿರ್ ಅನ್ನುವವರು 2013ರಲ್ಲಿ ಹೊರತಂದರು. ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಇನ್‌ಸ್ಟಾಲ್ ಮಾಡಬೇಕಿಲ್ಲ. ಪಕ್ಕದಲ್ಲಿ ಜಾಹೀರಾತು ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಫೋಟೋ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ನೆಟ್ ನಿಧಾನ ಇರುವ ನಮ್ಮ ಕಡೆ ಇದು ದೊಡ್ಡ ಅನುಕೂಲ. ಆದರೆ ಜೂನ್-ಜುಲೈನಲ್ಲಿ ಕೂತು ಕೆಲಸ ಮಾಡುವುದಾದರೆ ಐದು ನಿಮಿಷಕ್ಕೊಮ್ಮೆ ಉಳಿಸಿ. ಕರೆಂಟ್ ಹೋದರೆ ಹೋಯಿತು, ಮತ್ತೆ ಮೊದಲಿನಿಂದ.

ಫೋಟೋಪಿಯದಲ್ಲಿ ನಿಮಗೆ ನಿಜವಾಗಿ ಬೇಕಾಗಿರುವುದು ಒಂದೇ: ಲೇಯರ್. ಅದನ್ನು ವಿವರಿಸಲು ನನ್ನ ಹಳೆಯ ಪಾಪವೊಂದನ್ನು ಹೇಳಬೇಕು.

ನಾನು ಪತ್ರಿಕೆ ಕೆಲಸಕ್ಕೆ ಸೇರಿದಾಗ ಫೋಟೋ ಅಂದರೆ ಕಾಗದದ ಫೋಟೋ. ಅದರ ಮೇಲೆ ಬರೆಯುವಂತಿರಲಿಲ್ಲ. ಒಂದು ಬಟರ್ ಪೇಪರ್ ಮುಚ್ಚಿ, ಮೇಲಂಚಿಗೆ ಟೇಪ್ ಹಚ್ಚಿ, ಮೆತ್ತನೆ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು. ಎಷ್ಟು ಕತ್ತರಿಸಬೇಕು, ಯಾರು ಯಾರು, ಎಲ್ಲವೂ ಆ ಪೇಪರಿನ ಮೇಲೆ. ಎತ್ತಿದರೆ ಕೆಳಗೆ ಫೋಟೋ ಹಾಗೇ ಇರಬೇಕು. ಒಂದು ಸಲ ಬಟರ್ ಪೇಪರ್ ಸಿಗಲಿಲ್ಲ ಅಂತ ಅವಸರದಲ್ಲಿ ಫೋಟೋದ ಹಿಂದುಗಡೆಗೆ ಬಾಲ್ ಪೆನ್‌ನಲ್ಲಿ ಹೆಸರು ಬರೆದೆ. ಒತ್ತಿ ಬರೆಯುವ ಕೈ ನನ್ನದು. ಮುಂದೆ ತಿರುಗಿಸಿ ನೋಡಿದರೆ ಒಬ್ಬ ಅಜ್ಜಿಯ ಹಣೆಯ ಮೇಲೆ ಅಕ್ಷರಗಳ ಏಣು ಎದ್ದಿತ್ತು. ಆ ಮನೆಯವರ ಹತ್ತಿರ ಇದ್ದ ಅಜ್ಜಿಯ ಫೋಟೋ ಅದೊಂದೇ. ಫೋಟೋ ವಾಪಸ್ ಕೊಡಲು ಹೋದಾಗ ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಲೇಯರ್ ಅಂದರೆ ಆ ಬಟರ್ ಪೇಪರ್. ಫೋಟೋ ತೆರೆದ ಕೂಡಲೇ ಬಲಗಡೆಯ ಲೇಯರ್ ಪಟ್ಟಿಯ ಕೆಳಗಿರುವ ಹೊಸ ಲೇಯರ್ ಬಟನ್ ಒತ್ತಿ. ಬ್ರಷ್ ಹಿಡಿದು ಆ ಲೇಯರಿನ ಮೇಲೆ ಬರೆಯಿರಿ. ಕೆಳಗಿನ ಫೋಟೋಗೆ ಏನೂ ತಾಗುವುದಿಲ್ಲ. ಕೈ ನಡುಗುತ್ತದೆ ಅಂದರೆ ಎಲಿಪ್ಸ್ ಟೂಲ್ ತಗೊಳ್ಳಿ, ಶಿಫ್ಟ್ ಒತ್ತಿ ಹಿಡಿದು ಎಳೆಯಿರಿ, ದುಂಡಗೆ ಬರುತ್ತದೆ. ಫಿಲ್ (ಒಳಗಿನ ಬಣ್ಣ) ತೆಗೆದುಹಾಕಿ ಸ್ಟ್ರೋಕ್ (ಹೊರಗೆರೆ) ಮಾತ್ರ ಇಟ್ಟುಕೊಳ್ಳಿ, ಇಲ್ಲದಿದ್ದರೆ ತೋರಿಸಬೇಕಾದ್ದನ್ನೇ ಮುಚ್ಚಿದ ಹಾಗಾಗುತ್ತದೆ. ಅದು ತನಗೆ ಬೇಕಾದ ಲೇಯರನ್ನು ತಾನೇ ಮಾಡಿಕೊಳ್ಳುತ್ತದೆ. ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಮಾಯ, ಮತ್ತೆ ಒತ್ತಿದರೆ ಪ್ರತ್ಯಕ್ಷ. ಪಿಎಸ್‌ಡಿ ಅಂತ ಉಳಿಸಿದರೆ ಲೇಯರುಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಜೆಪೆಗ್ ಮಾಡಿದರೆ ಬಟರ್ ಪೇಪರನ್ನು ಫೋಟೋಗೆ ಗೋಂದು ಹಾಕಿ ಅಂಟಿಸಿದ ಹಾಗೆ. ಅದೇ ಜೆಪೆಗನ್ನು ತೆರೆದು, ತಿದ್ದಿ, ಮತ್ತೆ ಮತ್ತೆ ಉಳಿಸುತ್ತಾ ಹೋದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಮಸುಕಾಗುತ್ತದೆ.

ಈಗ ನಿಮ್ಮ ಒಕ್ಕದ ಫೋಟೋ. ಪತ್ರದ ಜೊತೆ ಕಳಿಸಿದ ಪ್ರತಿಯನ್ನು ಬಹಳ ಹೊತ್ತು ನೋಡಿದೆ. 23 ಮಂದಿ. ಹಿಂದಿನ ಸಾಲಿನಲ್ಲಿ ಕಪ್ಪು ಕುಪ್ಯ (ನಿಲುವಂಗಿ) ತೊಟ್ಟ ಗಂಡಸರು, ಸೊಂಟದಲ್ಲಿ ಪೀಚೆಕತ್ತಿ. ಮುಂದೆ ಕುರ್ಚಿಯಲ್ಲಿ ಹಿರಿಯರು, ನೆಲದ ಮೇಲೆ ಮಕ್ಕಳು. ನೀವು ಮೊದಲ ಮೂವರ ಹೆಸರನ್ನು ಅವರವರ ಎದೆಯ ಮೇಲೆ ಬರೆದು ಮಾದರಿ ತೋರಿಸಿದ್ದೀರಿ. ದಯವಿಟ್ಟು ನಿಲ್ಲಿಸಿ. ನಮ್ಮಲ್ಲಿ ಮನೆಹೆಸರು ಸೇರಿಸಿ ಬರೆದರೆ ಒಬ್ಬರ ಹೆಸರು ಮೂರು ಜನರ ಮೇಲೆ ಹಾಯುತ್ತದೆ. ಜೊತೆಗೆ ಕನ್ನಡದ ಪಾಡು ಬೇರೆ. ಕೆಲವು ಆನ್‌ಲೈನ್ ಟೂಲ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. 'ಅಪ್ಪಯ್ಯ' ಅಂತ ಬರೆದರೆ ಪಕಾರ ಯಕಾರ ಎಲ್ಲ ಸಾಲಾಗಿ ನಿಂತು ಅರ್ಧಚಂದ್ರ ಹೊತ್ತುಕೊಂಡಿರುತ್ತವೆ. ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಲ್ಲಿ ಅಂಟಿಸಿದರಂತೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಅದಕ್ಕೆ ಅಂಕಿ ಹಾಕಿ. ಅಂಕಿ ಯಾವ ಟೂಲ್‌ನಲ್ಲೂ ಒಡೆಯುವುದಿಲ್ಲ. ಕಪ್ಪು ಕುಪ್ಯದ ಮೇಲೆ ಬಿಳಿ ಅಂಕಿ, ಬಿಳಿ ಸೀರೆಯ ಮೇಲೆ ಕಪ್ಪು ಅಂಕಿ. ಮುಖದ ಮೇಲೆ ಬೇಡವೇ ಬೇಡ. ಹೆಸರುಗಳನ್ನು ಬೇರೆ ಹಾಳೆಯಲ್ಲಿ 1ರಿಂದ 23ರವರೆಗೆ ಬರೆದು ಕಳಿಸಿ, ನಾವು ಕೆಳಗೆ ಅಚ್ಚುಮಾಡುತ್ತೇವೆ. ಕಾಗುಣಿತ ತಿದ್ದುವುದೂ ಸುಲಭ.

ಇನ್ನೂ ಚೆಂದದ ದಾರಿಯೊಂದಿದೆ, ಒಂದು ಮಧ್ಯಾಹ್ನ ಬೇಕು ಅಷ್ಟೇ. ಹೊಸ ಲೇಯರಿನ ಮೇಲೆ ಪ್ರತಿಯೊಬ್ಬರ ತಲೆ, ಭುಜದ ಸುತ್ತ ಗೆರೆ ಎಳೆಯುತ್ತಾ ಹೋಗಿ. ಮೂಗು ಕಣ್ಣು ಬೇಡ, ಹೊರಗೆರೆ ಮಾತ್ರ. ಒಳಗೆ ಅಂಕಿ. ಎಲ್ಲ ಮುಗಿದ ಮೇಲೆ ಕೆಳಗಿನ ಫೋಟೋ ಲೇಯರಿನ ಕಣ್ಣು ಮುಚ್ಚಿ, ಅಡಿಗೆ ಒಂದು ಬಿಳಿ ಲೇಯರ್ ಇಡಿ. ಖಾಲಿ ತಲೆಗಳ ನಕ್ಷೆ ಸಿಗುತ್ತದೆ. ಫೋಟೋವನ್ನು ಒಂದು ಗೆರೆಯೂ ತಾಗದ ಹಾಗೆ ದೊಡ್ಡದಾಗಿ ಹಾಕಿ, ಪಕ್ಕದಲ್ಲಿ ಈ ನಕ್ಷೆಯನ್ನು ಚಿಕ್ಕದಾಗಿ ಕೊಡಬಹುದು. 2018ರ ಆಗಸ್ಟಿನ ಮಳೆಯಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಮನೆಯ ಜೊತೆ ಆಲ್ಬಮ್ಮೂ ಹೋದವರಿದ್ದಾರೆ. ಹಾಗಾಗಿ ಗುರುತು ಹಾಕುವ ಮೊದಲು ಗುರುತಿಲ್ಲದ ಪ್ರತಿಯನ್ನು ಎರಡು ಕಡೆ ಇಟ್ಟುಬಿಡಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಬೆಂಗಳೂರಿನ ಮಗಳ ಹತ್ತಿರ.

ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ. ಆದರೆ ಡಾಕ್ಯುಮೆಂಟ್ ಕಳಿಸಿದಾಗ ಫೋಟೋ ತೆಗೆದ ಜಾಗದ ವಿವರವೂ ಫೈಲಿನೊಳಗೆ ಕೂತು ಬರುತ್ತದೆ. ಐನ್‌ಮನೆ ಫೋಟೋಗೆ ಚಿಂತೆಯಿಲ್ಲ. ಗಂಧದ ಮರದ ಫೋಟೋ ತೆಗೆಯುವವರು ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಕೊಳ್ಳಿ!

ಇದೇ ಸಂದರ್ಭದಲ್ಲಿ ಎಲ್ಲ ಓದುಗರಿಗೂ ಒಂದು ಮಾತು. ಜಾಗದ ತಕರಾರಿನ ಬಗ್ಗೆ ಬರೆಯುವವರು ಆರ್‌ಟಿಸಿ ಫೋಟೋ ಕಳಿಸುತ್ತಾರೆ, ಹೆಸರಿನ ಮೇಲೆ ಕಪ್ಪು ಮಾರ್ಕರ್ ಎಳೆದಿರುತ್ತಾರೆ. ಮೊನ್ನೆ ಒಂದರ ಬೆಳಕು ಜಾಸ್ತಿ ಮಾಡಿದೆ, ಕೆಳಗಿನ ಹೆಸರು ಸಲೀಸಾಗಿ ಓದಲು ಬಂತು. ಫೋನಿನ ಎಡಿಟರಿನ ಮಾರ್ಕರ್ ಪೆನ್ ಅರೆಪಾರದರ್ಶಕ. ಮುಚ್ಚಬೇಕಿದ್ದರೆ ಪೂರ್ತಿ ಕಪ್ಪು ಚೌಕ ಹಾಕಿ, ಜೆಪೆಗ್ ಅಥವಾ ಪಿಎನ್‌ಜಿ ಮಾಡಿ ಕಳಿಸಿ. ಪಿಎಸ್‌ಡಿ ಕಳಿಸಿದರೆ ಆ ಚೌಕವನ್ನು ಯಾರು ಬೇಕಾದರೂ ಎತ್ತಿ ನೋಡಬಹುದು, ಬಟರ್ ಪೇಪರ್ ತಾನೇ? ಕತ್ತರಿಸಿದ ಮಾತ್ರಕ್ಕೂ ನಂಬಬೇಡಿ. ಗೂಗಲ್‌ನ ಪಿಕ್ಸೆಲ್ ಫೋನಿನ ಎಡಿಟರಿನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳ ಉಳಿದ ಭಾಗವನ್ನು ಮರಳಿ ಪಡೆಯಬಹುದು ಅಂತ 2023ರಲ್ಲಿ ಬಯಲಾಗಿತ್ತು. ಆಮೇಲೆ ಸರಿಪಡಿಸಿದರು, ಹಳೆಯ ಚಿತ್ರಗಳು ಹಾಗೇ ಉಳಿದವು.

ನಿಮ್ಮ ಕಾಂಡದ ಫೋಟೋವನ್ನು 14ನೇ ಪುಟದಲ್ಲಿ ಮತ್ತೆ ಹಾಕಿದ್ದೇವೆ, ಹಳದಿ ಸುತ್ತು, ಕಪ್ಪು ಅಂಚು. ಈ ಸಲ ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿದ ಮೇಲೆಯೇ ಕಳಿಸಿದ್ದು. ಆದರೆ ಪತ್ರಿಕೆಯ ಉತ್ತರಕ್ಕೆ ಕಾಯಬೇಡಿ. ಬೋರರ್ ದುಂಬಿ ಹೊರಗೆ ಬರುವುದು ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದಕ್ಕೆ ಮೊದಲೇ ಹುಳು ಹೊಕ್ಕ ಗಿಡ ಗುರುತಿಸಿ, ಕಿತ್ತು ಸುಡಬೇಕು. ಗುರುತಿಲ್ಲದ ಫೋಟೋ ಒಂದು, ಸುತ್ತು ಹಾಕಿದ್ದು ಒಂದು, ಎರಡನ್ನೂ ಹಿಡಿದುಕೊಂಡು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿ. ಉಬ್ಬಿನ ಪಕ್ಕ ಒಂದು ಪೆನ್ನೋ ನಾಣ್ಯವೋ ಇಟ್ಟು ತೆಗೆದರೆ ಅದೆಷ್ಟು ದೊಡ್ಡದು ಅಂತ ಅವರಿಗೂ ಗೊತ್ತಾಗುತ್ತದೆ.

ಒಕ್ಕದ ಫೋಟೋದಲ್ಲಿ ಎಡತುದಿಯ ಕಂಬದ ಹಿಂದೆ ಅರ್ಧ ಮುಖ ತೋರಿಸಿ ನಿಂತಿರುವ ಹುಡುಗ ಯಾರು ಅಂತ ನಿಮಗೂ ಗೊತ್ತಿಲ್ಲ ಅಂದಿದ್ದೀರಿ. ಅವನನ್ನು ಬಿಡಬೇಡಿ. ಅವನಿಗೂ ಒಂದು ಅಂಕಿ ಕೊಡಿ, ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಡಿ. ಹಾಗೇ ಅಚ್ಚುಹಾಕೋಣ. ಓದುವವರಲ್ಲಿ ಯಾರಾದರೂ ಅವನ ತಂಗಿ ಇದ್ದಾರು.