ಬೇಸಿಗೆ ರಜೆಯಲ್ಲಿ ಕೀಟಾಹಾರಿ ಸಸ್ಯಗಳ ಇಂಟರ್ನ್‌ಶಿಪ್: ಯಾವ ಸಂಸ್ಥೆಯ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು?

ಬೆಳಗಾವಿಯ ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ನಾನೂ ಇದನ್ನೇ ಕೇಳಿಕೊಂಡು ತಿರುಗಿದ್ದೆ. ಸಂಸ್ಥೆಯನ್ನು ಆರಿಸುವುದರಲ್ಲಿ ನಾನು ಎಡವಲಿಲ್ಲ, ತಿಂಗಳನ್ನು ಆರಿಸುವುದರಲ್ಲಿ ಎಡವಿದೆ.

ಪರೀಕ್ಷೆ ಮುಗಿದದ್ದೇ ತಡ, ಮೇ ತಿಂಗಳಲ್ಲಿ ಖಾನಾಪುರ ತಾಲ್ಲೂಕಿನ ಕಣಕುಂಬಿ ಸುತ್ತಲಿನ ಜಂಬಿಟ್ಟಿಗೆ ಬಯಲುಗಳಿಗೆ ಹೋದೆ. ಅಂಟು ಕೂದಲಿನ ಎಲೆಗಳಿಂದ ಕೀಟ ಹಿಡಿಯುವ ಡ್ರಾಸೆರಾ ಇಂಡಿಕಾ ಆಗಲಿ, ಕೆಸರಿನೊಳಗಿನ ಪುಟ್ಟ ಚೀಲಗಳಿಂದ ಬೇಟೆಯಾಡುವ ಅಲ್ಲಿನ ಬಹುಪಾಲು ಯುಟ್ರಿಕ್ಯುಲೇರಿಯಾಗಳಾಗಲಿ ಒಂದೇ ಮಳೆಗಾಲ ಬಾಳುವ ಗಿಡಗಳು. ಬಂಡೆಯ ಮೇಲಿನ ತೆಳುವಾದ, ಸಾರವಿಲ್ಲದ ಮಣ್ಣಿನಲ್ಲಿ ಮಳೆಗೆ ಮೊಳೆತು, ಆಗಸ್ಟ್‌ನಿಂದ ಅಕ್ಟೋಬರ್‌ನೊಳಗೆ ಹೂ ಬಿಟ್ಟು, ನೀರು ಆರುವ ಹೊತ್ತಿಗೆ ಬೀಜ ಉದುರಿಸಿ ಒಣಗಿಹೋಗುತ್ತವೆ. ಹೀಗಾಗಿ ನನ್ನೆದುರಿಗೆ ಇದ್ದದ್ದು ಕಾದ ಹಂಚಿನಂಥ ಕಲ್ಲು ಮಾತ್ರ. ಜೂನ್ ಕೊನೆಯಲ್ಲಿ ಹಸಿರು ಚುಕ್ಕೆಗಳು ಕಂಡವಾದರೂ, ಹೂವಿಲ್ಲದೆ ಯುಟ್ರಿಕ್ಯುಲೇರಿಯಾದ ಜಾತಿಯನ್ನು ಗುರುತಿಸುವುದು ನುರಿತವರಿಗೂ ಕಷ್ಟ. ಮಾರ್ಗದರ್ಶಕರು ಮೊದಲೇ ಹೇಳಬಾರದಿತ್ತೇ ಎಂದರೆ, ನಾನು ಕೇಳಿರಲಿಲ್ಲ. ಅವರು ನನ್ನ ರಜೆಗೆ ತಕ್ಕಂತೆ ದಿನ ಕೊಟ್ಟಿದ್ದರು. ಅರವತ್ತು ದಿನಗಳ ನನ್ನ ವರದಿಯಲ್ಲಿ ಮಣ್ಣಿನ ಆಳದ ಅಳತೆ ಇತ್ತು, ಒಂದು ಗಿಡದ ಹೆಸರೂ ಇರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ, ಮನಸ್ಸು ತಡೆಯದೆ, ಚೋರ್ಲಾ ಘಾಟಿಯ ಮೇಲೆ ಗೋವಾಕ್ಕೆ ಹೋಗುವ ಬಸ್ಸು ಹತ್ತಿ ಮತ್ತೆ ಕಣಕುಂಬಿಯಲ್ಲೇ ಇಳಿದೆ. ಬೇಸಿಗೆಯಲ್ಲಿ ನಾನು ರೊಟ್ಟಿ ಬುತ್ತಿ ಬಿಚ್ಚಿದ್ದ ಬಂಡೆಯೇ ನೇರಳೆ ಹೂಗಳಿಂದ ಮುಚ್ಚಿಹೋಗಿತ್ತು. ಹೊಟ್ಟೆಯಡಿ ನೀರು ಜಿನುಗುತ್ತಿರುವಂತೆಯೇ ಬೋರಲು ಮಲಗಿ ಲೆನ್ಸ್ ಹಿಡಿದೆ. ನಾಣ್ಯದಗಲದ ಕೆಂಪು ಡ್ರಾಸೆರಾ ಬರ್ಮಾನಿಯ ಎಲೆಗೆ ಅಂಟಿದ ನುಸಿಯೊಂದು ಒಂದು ಕಾಲನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅಂಚಿನ ಕೂದಲುಗಳು ಅದರ ಮೇಲೆ ಬಾಗಿದ್ದವು.

ಆದ್ದರಿಂದ ಪ್ರಮಾಣಪತ್ರ ಯಾರದೆಂಬ ಪ್ರಶ್ನೆಯೇ ನನಗೆ ತಪ್ಪೆನಿಸುತ್ತದೆ. ಬೇಸಿಗೆಯೇ ಆಗಬೇಕೆಂಬ ಷರತ್ತನ್ನು ಮೊದಲು ಬಿಡಿ. (ಮೇಘಾಲಯದ ಹೂಜಿ ಗಿಡವಾದರೆ ಅದು ಬಹುವಾರ್ಷಿಕ, ಆ ಮಾತು ಬೇರೆ.) ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಒಂದೇ ಜಾಗಕ್ಕೆ ಹೋಗಿ ಎಣಿಸಲು ಬಿಡುವ ಮಾರ್ಗದರ್ಶಕರು ಸಿಕ್ಕರೆ, ಅವರು ಎಷ್ಟೇ ಸಣ್ಣ ಕಾಲೇಜಿನವರಾದರೂ ಒಪ್ಪಿಕೊಳ್ಳಿ. ಭೀಮಗಡ ಅಭಯಾರಣ್ಯದ ಒಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿಗೆ ಈಗಲೇ ಅರ್ಜಿ ಹಾಕಿ. ಯುಟ್ರಿಕ್ಯುಲೇರಿಯಾವನ್ನು ಮಾತ್ರ ಕೀಳಬೇಡಿ. ಎಳೆದರೆ ಹೂವಷ್ಟೇ ಕೈಗೆ ಬರುತ್ತದೆ, ಬೇಟೆಯಾಡುವ ಚೀಲಗಳೆಲ್ಲ ಕೆಸರಿನಲ್ಲೇ ಉಳಿಯುತ್ತವೆ.