ಮರಳುಗಾಡಿನ ಫೋಟೊ: ಮೊದಲು ನಿರಿಗೆಯ ನೆರಳು, ಆಮೇಲೆ ದಿಬ್ಬದ ನೆರಳು

ನೀವು ಹಾಕಿರುವ ಎರಡೂ ಫೋಟೊ ನಿಧಾನವಾಗಿ ನೋಡಿದೆ. ಸೂರ್ಯ ಹುಟ್ಟುವಾಗ ತೆಗೆದದ್ದರಲ್ಲಿ ಮರಳಿಗೆ ಮೈ ಇದೆ, ಎರಡು ಗಂಟೆ ಬಿಟ್ಟು ಅದೇ ವೈಡ್ ಲೆನ್ಸಿನಲ್ಲಿ (ಅಗಲವಾದ ನೋಟ ಹಿಡಿಯುವ ಲೆನ್ಸ್) ತೆಗೆದದ್ದು ಸಪ್ಪೆಯಾಗಿದೆ. ಸೆಟ್ಟಿಂಗ್ ಎಲ್ಲಿ ತಪ್ಪಿತು ಅಂತ ಕೇಳಿದ್ದೀರಿ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ, ಸ್ವಲ್ಪ ತಪ್ಪಿದೆ, ಅದಕ್ಕೆ ಆಮೇಲೆ ಬರ್ತೀನಿ. ಮುಖ್ಯ ಕಾರಣ ಮಾತ್ರ ನೆರಳು ಹೋಗಿರುವುದು.

ನಿಮ್ಮ ಫೋಟೊದ ಮುಂಭಾಗದಲ್ಲಿ ಗಾಳಿ ಮೂಡಿಸಿದ ನಿರಿಗೆಗಳಿವೆಯಲ್ಲ, ಅದರಲ್ಲಿ ಒಂದರ ಎತ್ತರ 1 ಸೆಂ.ಮೀ. ಅಂದುಕೊಳ್ಳಿ. ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ ಅದರ ನೆರಳು ಸುಮಾರು 11 ಸೆಂ.ಮೀ. ಚಾಚುತ್ತದೆ, ಪಕ್ಕದ ನಿರಿಗೆಯನ್ನೇ ಮುಟ್ಟುತ್ತದೆ. ಸೂರ್ಯ 30 ಡಿಗ್ರಿಗೆ ಏರಿದರೆ ಅದೇ ನೆರಳು 2 ಸೆಂ.ಮೀ. ಕೂಡ ಇರುವುದಿಲ್ಲ. ಆಗ ವೈಡ್ ಲೆನ್ಸ್ ಹಾಕಿಕೊಂಡು ಮುಂಭಾಗ ತುಂಬಿಸಿದರೆ ಬರೀ ಸಪ್ಪೆ ನೆಲ ಸಿಗುತ್ತದೆ.

ಆದರೆ ಆ ಹೊತ್ತಿಗೆ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ. ದಿಬ್ಬದ ಗಾಳಿಮರೆಯ ಮಗ್ಗುಲು ಮರಳು ಜಾರಿ ಜಾರಿ 30ರಿಂದ 34 ಡಿಗ್ರಿ ಕಡಿದಾಗಿರುತ್ತದೆ. ಅದು ಸೂರ್ಯನಿಗೆ ಬೆನ್ನು ಹಾಕಿದ್ದರೆ, ಸೂರ್ಯ ಅಷ್ಟು ಡಿಗ್ರಿ ಏರುವವರೆಗೂ ಅಲ್ಲಿ ನೆರಳು ಉಳಿಯುತ್ತದೆ. ಸೂರ್ಯ ಒಂದು ಡಿಗ್ರಿ ಏರಲು ಕಡಿಮೆಯೆಂದರೂ 4 ನಿಮಿಷ ಬೇಕು, ಅಂದರೆ 30 ಡಿಗ್ರಿಗೆ ಎರಡು ಗಂಟೆಯಾದರೂ ಆಯಿತು. ಹಾಗಾಗಿ ಮೊದಲ ಅರ್ಧ ಗಂಟೆ ವೈಡ್ ಲೆನ್ಸಿನಲ್ಲಿ ನಿರಿಗೆ, ಆಮೇಲೆ 70-200 ಮಿ.ಮೀ. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವುದು) ಹಾಕಿ ದೂರದ ದಿಬ್ಬಗಳ ಬಿಸಿಲು-ನೆರಳಿನ ಗೆರೆ. ಸಂಜೆ ಇದೇ ಕ್ರಮ ತಿರುಗುಮುರುಗು. ನನ್ನ ಮಟ್ಟಿಗೆ ಮರಳುಗಾಡಿಗೆ ಟೆಲಿ ಲೆನ್ಸೇ ಮೊದಲು ಬೇಕಾದದ್ದು.

ಬೆಳಕು ಪಕ್ಕದಿಂದ ಬೀಳಲಿ. ನೆತ್ತಿಯ ಅಂಚು ಉತ್ತರ-ದಕ್ಷಿಣವಾಗಿ ಹರಿದಿದ್ದರೆ ಬೆಳಿಗ್ಗೆ ಪೂರ್ವಕ್ಕೆ ಬಿಸಿಲು, ಪಶ್ಚಿಮಕ್ಕೆ ನೆರಳು. ಆ ಅಂಚಿನ ಉದ್ದಕ್ಕೇ ಕ್ಯಾಮೆರಾ ತಿರುಗಿಸಿ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಎಂಥ ದಿಬ್ಬವೂ ಚಪ್ಪಟೆ. ನಮೀಬಿಯಾದ ಡೆಡ್‌ವ್ಲೇಯಲ್ಲಿ (ದಿಬ್ಬಗಳ ನಡುವಿನ ಒಣ ಜೇಡಿ ಬಯಲು) ಒಣಗಿದ ಮರಗಳು ಅಷ್ಟು ಕಪ್ಪಗೆ ನಿಲ್ಲುವುದಕ್ಕೂ ನೆರಳೇ ಕಾರಣ: ಬೆಳಗಿನ ಸ್ವಲ್ಪ ಹೊತ್ತು ಜೇಡಿಯ ನೆಲ ಇನ್ನೂ ನೆರಳಿನಲ್ಲಿರುತ್ತದೆ, ಹಿಂದಿನ ಕೆಂಪು ದಿಬ್ಬಕ್ಕೆ ಆಗಲೇ ಬಿಸಿಲು ಬಿದ್ದಿರುತ್ತದೆ.

ಇನ್ನು ಎಕ್ಸ್‌ಪೋಷರ್. ಫ್ರೇಮ್ ತುಂಬ ಬಿಸಿಲು ಬಿದ್ದ ಮರಳಿದ್ದರೆ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಬಣ್ಣಕ್ಕೆ ಎಳೆಯುತ್ತದೆ, ನಿಮ್ಮ ಎರಡನೆಯದರಲ್ಲಿ ಆಗಿರುವುದು ಅದೇ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನಿನಲ್ಲಿ +2/3 ಅಥವಾ +1 ಕೊಟ್ಟು ಬೆಳಕು ಹೆಚ್ಚಿಸಿ. ಅರ್ಧ ನೆರಳಿದ್ದರೆ ಕೊಡಬೇಡಿ, ಬಿಸಿಲಿನ ಭಾಗ ಸುಟ್ಟುಹೋಗುತ್ತದೆ. ಹಿಸ್ಟೋಗ್ರಾಂನಲ್ಲಿ (ಫೋಟೊದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಕೆಂಪು ಚಾನೆಲ್ ಬೇರೆಯಾಗಿ ನೋಡಿ, ಕಿತ್ತಳೆ ಮರಳಿನಲ್ಲಿ ಮೊದಲು ಬಲ ಅಂಚು ಮುಟ್ಟುವುದು ಅದೇ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೋ ಬಿಟ್ಟರೆ ಹೊಂಬಿಸಿಲಿನ ಬಣ್ಣವನ್ನು ಅದು ತೊಳೆದುಬಿಡಬಹುದು. ಡೇಲೈಟಿಗೆ ಇಟ್ಟು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯಿರಿ. ನೆರಳು ನೀಲಿಯಾಗಿ ಬಂತು ಅಂತ ಸರಿಪಡಿಸಲು ಹೋಗಬೇಡಿ, ಅಲ್ಲಿಗೆ ಆಕಾಶದ ಬೆಳಕು ಮಾತ್ರ ಬೀಳುವುದು, ಅದು ನಿಜಕ್ಕೂ ನೀಲಿಯೇ.

ಹಿಂದಿನ ಸಂಜೆಯೇ ಹೋಗಿ ಜಾಗ ಗುರುತು ಮಾಡಿ, ಯಾವ ಕಡೆಯಿಂದ ಹತ್ತುತ್ತೀರಿ ಅನ್ನುವುದನ್ನೂ. ಒಮ್ಮೆ ನಾನು ಕತ್ತಲಲ್ಲಿ ಆತುರಪಟ್ಟು ನೆತ್ತಿಯ ಮೇಲೇ ನಡೆದುಬಿಟ್ಟೆ. ಬಿಸಿಲು ಬಂದಾಗ ನನಗೆ ಬೇಕಿದ್ದ ಅಂಚಿನ ಉದ್ದಕ್ಕೂ ಹೆಜ್ಜೆಗಳು, ಓರೆ ಬೆಳಕಿನಲ್ಲಿ ಒಂದೊಂದೂ ಕಪ್ಪು ಗುಂಡಿ. ಆ ಬೆಳಗು ಕೈತಪ್ಪಿದ ಸಂಕಟ ಇನ್ನೂ ಇದೆ.

ಗಾಳಿ ಇದ್ದಾಗ ಲೆನ್ಸ್ ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಚೀಲದೊಳಗೇ ಬದಲಿಸಿ. ಗಾಜಿನ ಮೇಲೆ ಮರಳು ಕೂತರೆ ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಬಟ್ಟೆ. ನೇರ ಒರೆಸಿದರೆ ಗೀರು ಖಂಡಿತ. ಟ್ರೈಪಾಡ್‌ನ ತೀರಾ ಕೆಳಗಿನ ಭಾಗವನ್ನು ಮೊದಲು ಹೊರಗೆಳೆಯಿರಿ, ಲಾಕ್ ಮರಳಿನಿಂದ ಮೇಲೆಯೇ ಉಳಿಯಲಿ.

ಇನ್ನೂ ಎರಡು ದಿನ ಅಲ್ಲೇ ಇರುತ್ತೇನೆ ಅಂದಿದ್ದೀರಲ್ಲ, ಇವತ್ತು ಸಂಜೆ ಟೆಲಿ ಲೆನ್ಸಿನಿಂದ ಶುರು ಮಾಡಿ ತೆಗೆದದ್ದನ್ನು ಇಲ್ಲೇ ಹಾಕಿ. ಹಿಸ್ಟೋಗ್ರಾಂ ಕಾಣುವ ಸ್ಕ್ರೀನ್‌ಶಾಟ್ ಜೊತೆಗಿರಲಿ.